ಗ್ರಾಫಿಕ್ಸ್ ಕಾರ್ಡಿನ ಗುಣದೋಷ ವಿಚಾರ

ಕಂಪ್ಯೂಟರ್ ಇರುವ ಮನೆಗಳಲ್ಲಿ ಮಕ್ಕಳು ತಂದೆತಾಯಿಗಳ ಮುಂದಿಡುವ ಬೇಡಿಕೆಗಳಲ್ಲಿ ಗ್ರಾಫಿಕ್ಸ್ ಕಾರ್ಡೂ ಒಂದು. ಮಕ್ಕಳಿಗೆ ಅದರ ಹೆಸರು, ಸಂಖ್ಯೆ, ವೇಗಗಳೆಲ್ಲ ಕಂಠಪಾಠವಾಗಿರುತ್ತವೆ. ಹಿರಿಯರಿಗಾದರೋ ಅದರ ಬೆಲೆಯೊಂದೇ ಕಣ್ಣಿಗೆ ಬೀಳುತ್ತದೆ. ಒಬ್ಬರು ಗುಣವನ್ನೂ ಇನ್ನೊಬ್ಬರು ವೆಚ್ಚವನ್ನೂ ಮಾತ್ರ ನೋಡುವುದರಿಂದ ಮಾತು ಮನಸ್ತಾಪದಲ್ಲಿ ಮುಗಿಯುವುದುಂಟು. ಇಬ್ಬರೂ ಒಟ್ಟಿಗೆ ಕುಳಿತು ವಸ್ತುವಿನ ಗುಣದೋಷಗಳನ್ನು ತೂಗಿ ನೋಡಿದರೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾದೀತು. ಅದಕ್ಕೆ ನೆರವಾಗಲೆಂದು, ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ಆರ್‌ಟಿಎಕ್ಸ್ 4060 ಎಂಬ ಕಾರ್ಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿಚಾರ ಮಾಡುವೆವು.

ಮೊದಲು ಈ ಕಾರ್ಡಿನ ಕೆಲಸವೇನೆಂಬುದನ್ನು ತಿಳಿಯೋಣ. ಪರದೆಯ ಮೇಲೆ ಕಾಣುವ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಗೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಆಟದ ಚಲನೆಯು ಸರಾಗವಾಗಿ ಕಾಣಲು ಸೆಕೆಂಡಿಗೆ 60 ಚಿತ್ರಗಳನ್ನು ಬರೆಯುವುದಾದರೆ, ಪ್ರತಿ ಸೆಕೆಂಡಿನಲ್ಲಿಯೂ ಹನ್ನೆರಡು ಕೋಟಿಗೂ ಮಿಕ್ಕಿದ ಚುಕ್ಕೆಗಳ ಬಣ್ಣವನ್ನು ನಿರ್ಣಯಿಸಬೇಕಾಗುವುದು. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಮಹಾಪಂಡಿತನಿದ್ದಂತೆ. ಎಂತಹ ಕಠಿಣ ಲೆಕ್ಕವನ್ನಾದರೂ ಬಿಡಿಸಬಲ್ಲುದು, ಆದರೆ ಒಂದೇ ವೇಳೆಗೆ ಕೆಲವನ್ನು ಮಾತ್ರ. ಶಾಲೆಯ ಅಂಗಳದ ತುಂಬ ರಂಗವಲ್ಲಿ ಹಾಕಬೇಕಾದಾಗ ಒಬ್ಬ ಪಂಡಿತನಿಗಿಂತ ನೂರು ಮಂದಿ ಮಕ್ಕಳ ಕೈಗಳೇ ಮೇಲಲ್ಲವೆ? ಗ್ರಾಫಿಕ್ಸ್ ಕಾರ್ಡು ಅಂತಹ ಕೈಗಳ ಕೂಟ. 4060ರಲ್ಲಿ 3072 ಗಣನಘಟಕಗಳು ಏಕಕಾಲದಲ್ಲಿ ದುಡಿಯುತ್ತವೆ.

ಇನ್ನು ಗುಣಗಳು. ಈ ಕಾರ್ಡು 2023ರ ಜೂನ್ ತಿಂಗಳಿನಲ್ಲಿ 299 ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಿತು. 2021ರ ಫೆಬ್ರವರಿಯಲ್ಲಿ ಬಂದ 3060ರ ಬೆಲೆ 329 ಡಾಲರ್ ಆಗಿತ್ತು. ಹಳೆಯದರಲ್ಲಿ ಗಣನಘಟಕಗಳು 3584. ಹೊಸದರಲ್ಲಿ ಅವು ಕಡಿಮೆಯಾಗಿದ್ದರೂ ಪ್ರತಿಯೊಂದೂ ಹೆಚ್ಚು ಚುರುಕಾಗಿ ದುಡಿಯುವುದರಿಂದ, ಸಾಮಾನ್ಯ ಪರದೆಯ ಮೇಲೆ ಬಹುಪಾಲು ಆಟಗಳಲ್ಲಿ ಹೊಸದೇ ಮುಂದಿದೆ. ವಿದ್ಯುತ್ತಿನ ಮಿತವ್ಯಯವು ಇದರ ಇನ್ನೊಂದು ದೊಡ್ಡ ಗುಣ. 3060ಕ್ಕೆ 170 ವಾಟ್ ಬೇಕಾದರೆ ಇದಕ್ಕೆ 115 ವಾಟ್ ಸಾಕು. ದಿನಕ್ಕೆ ಎರಡು ಗಂಟೆ ಪೂರ್ಣ ಬಲದಿಂದ ದುಡಿಸಿದರೆ ವರ್ಷಕ್ಕೆ ಅದು ಸುಮಾರು 124 ಯೂನಿಟ್, ಇದು ಸುಮಾರು 84 ಯೂನಿಟ್ ವಿದ್ಯುತ್ತನ್ನು ಬಳಸುವುದು. ಬೆಲೆಯನ್ನು ಒಮ್ಮೆ ತೆತ್ತರೆ ಮುಗಿಯಿತು. ವಿದ್ಯುತ್ತಿನ ಹಣವನ್ನು ತಿಂಗಳು ತಿಂಗಳೂ ತೆರಬೇಕೆಂಬುದನ್ನು ಮರೆಯಲಾಗದು. ಉಷ್ಣವು ಕಡಿಮೆಯಾದುದರಿಂದ ಫ್ಯಾನಿನ ಸದ್ದೂ ಕಡಿಮೆಯಿರಲು ಸಾಧ್ಯ.

ಆದರೆ ದೋಷಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ಮೆಮೊರಿಯ ಕೊರತೆ. ಹೆಚ್ಚಾಗಿ ಮಾರಾಟವಾದ 3060ರಲ್ಲಿ 12 ಜಿಬಿ ಇದ್ದರೆ 4060ರಲ್ಲಿ 8 ಜಿಬಿ ಮಾತ್ರ. ಮೆಮೊರಿಯು ವಿದ್ಯಾರ್ಥಿಯ ಓದುವ ಮೇಜಿನಂತೆ. ಬೇಕಾದ ಪುಸ್ತಕಗಳೆಲ್ಲ ಮೇಜಿನ ಮೇಲಿದ್ದರೆ ಓದು ಸಾಗುವುದು. ಮೇಜು ತುಂಬಿದರೆ ಪಕ್ಕದ ಕೋಣೆಯ ಕಪಾಟಿಗೆ ಮತ್ತೆ ಮತ್ತೆ ಎದ್ದು ಹೋಗಬೇಕು. ಈ ಕಾರ್ಡು ತನ್ನ ಮೆಮೊರಿಯಿಂದ ಸೆಕೆಂಡಿಗೆ 272 ಜಿಬಿಯಷ್ಟು ಮಾಹಿತಿಯನ್ನು ತರಬಲ್ಲುದು. ಅದು ತುಂಬಿ, ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ತರಬೇಕಾಗಿ ಬಂದರೆ, ದಾರಿಯು ಸೆಕೆಂಡಿಗೆ ಸುಮಾರು 16 ಜಿಬಿಗೆ ಇಳಿಯುತ್ತದೆ. ಮದರ್‌ಬೋರ್ಡು ಹಿಂದಿನ ಪೀಳಿಗೆಯದಾದರೆ ಅದರಲ್ಲಿಯೂ ಅರ್ಧ ಮಾತ್ರ. ಆಗ ಆಟವು ತಡವರಿಸಲಾರಂಭಿಸುವುದು. ಕಾರ್ಡಿಗೆ ಅನಂತರ ಮೆಮೊರಿಯನ್ನು ಕೂಡಿಸುವ ಉಪಾಯವಿಲ್ಲವಾದುದರಿಂದ ಇದನ್ನು ಕೊಳ್ಳುವ ಮುನ್ನವೇ ಯೋಚಿಸತಕ್ಕದ್ದು.

ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಅಂಕೆಗಳನ್ನೂ ಪರೀಕ್ಷಿಸಿ ನೋಡಬೇಕು. ನಿಜವಾಗಿ ರಚಿಸಿದ ಎರಡು ಚಿತ್ರಗಳ ನಡುವೆ ಇನ್ನೊಂದನ್ನು ಊಹೆಯಿಂದ ಕಲ್ಪಿಸಿ ಸೇರಿಸುವ ವಿದ್ಯೆಯೊಂದು ಈ ಕಾರ್ಡಿಗೆ ತಿಳಿದಿದೆ. ಇದರಿಂದ ಚಲನೆಯು ನುಣುಪಾಗಿ ಕಾಣುವುದು ನಿಜ. ಆದರೆ ಆ ನಡುವಿನ ಚಿತ್ರವು ಆಟಗಾರನ ಕೈಯ ಒತ್ತಿಗೆ ಓಗೊಡುವುದಿಲ್ಲ. ಮುಂದಿನ ಚಿತ್ರಕ್ಕಾಗಿ ಕಾಯಬೇಕಾದುದರಿಂದ ತುಸು ವಿಳಂಬವೂ ಉಂಟು. ಅಂಕೆಯು ಇಮ್ಮಡಿಯಾದ ಮಾತ್ರಕ್ಕೆ ವೇಗವು ಇಮ್ಮಡಿಯಾಯಿತೆಂದು ತಿಳಿಯಬಾರದು.

ಹಾಗಾದರೆ ಎರಡರಲ್ಲಿ ಯಾವುದು ಉತ್ತಮ? ಉಪಯೋಗವನ್ನು ತಿಳಿಯದೆ ಇದಕ್ಕೆ ಉತ್ತರ ಹೇಳುವಂತಿಲ್ಲ. ಸಾಮಾನ್ಯ ಪರದೆಯ ಮೇಲೆ ಆಡುವವನಿಗೆ 4060 ಲೇಸು. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ದೊಡ್ಡ ದೃಶ್ಯಗಳನ್ನು ರಚಿಸಲು ಕಲಿಯುವವಳಿಗೆ 12 ಜಿಬಿಯ ಹಳೆಯ 3060 ಹೆಚ್ಚು ಒದಗಿ ಬರಬಹುದು. ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಪರದೆಯುಳ್ಳವರಿಗೆ ಎರಡೂ ಸಾಲವು. ಪಾಠಗಳ ಅಭ್ಯಾಸ, ಕನ್ನಡ ಬೆರಳಚ್ಚು, ಪೈಥಾನ್ ಭಾಷೆಯ ಮೊದಲ ಪಾಠಗಳು, ಇವಿಷ್ಟೇ ಉದ್ದೇಶವಾದರೆ ಪ್ರತ್ಯೇಕ ಕಾರ್ಡಿನ ಅಗತ್ಯವೇ ಇಲ್ಲ. ಬಹುತೇಕ ಪ್ರೊಸೆಸರುಗಳಲ್ಲಿ ಅಡಕವಾಗಿರುವ ಚಿತ್ರಶಕ್ತಿಯೇ ಸಾಕು. 2025ರ ಮೇ ತಿಂಗಳಿನಲ್ಲಿ ಬಂದ 5060ರಲ್ಲಿ ವೇಗ ಹೆಚ್ಚಿದೆ, ಮೆಮೊರಿ ಮಾತ್ರ 8 ಜಿಬಿಯೇ. ಸಂಖ್ಯೆ ದೊಡ್ಡದಾದಂತೆಲ್ಲ ಸಕಲ ಗುಣಗಳೂ ಬೆಳೆಯುವುದಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಕೊಳ್ಳುವ ಮೊದಲು ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಇಂತಹ ಕಾರ್ಡನ್ನು ಲ್ಯಾಪ್‌ಟಾಪಿನೊಳಗೆ ಕೂರಿಸಲಾಗದು. ಮೇಜಿನ ಕಂಪ್ಯೂಟರೇ ಆಗಬೇಕು. ಅದರಲ್ಲಿ ಕಾರ್ಡು ಹಿಡಿಸುವಷ್ಟು ಸ್ಥಳವೂ, ಕಂಪನಿಯು ಸೂಚಿಸಿರುವ 550 ವಾಟಿನ ಪವರ್ ಸಪ್ಲೈಯೂ ಇರಬೇಕು. ಇಲ್ಲವಾದರೆ ಕಾರ್ಡಿನ ಬೆಲೆಗೆ ಇವುಗಳ ವೆಚ್ಚವನ್ನೂ ಸೇರಿಸಿಕೊಳ್ಳಬೇಕಾದೀತು.

ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆ ಇಷ್ಟೆ: ಕಾರ್ಡನ್ನು ಬೇಡುವ ಮೊದಲು ಒಂದು ಹಾಳೆಯ ಬಲಗಡೆ ಅದರ ಗುಣಗಳನ್ನೂ ಎಡಗಡೆ ದೋಷಗಳನ್ನೂ, ಕೆಳಗೆ ಒಟ್ಟು ವೆಚ್ಚವನ್ನೂ ಬರೆದು ತಂದೆತಾಯಿಗಳಿಗೆ ತೋರಿಸಿರಿ. ಪೋಷಕರಲ್ಲಿಯೂ ಒಂದು ಅರಿಕೆ: ಬೆಲೆಯನ್ನು ಕೇಳಿದೊಡನೆ ಬೇಡವೆನ್ನದೆ, ಆ ಹಾಳೆಯನ್ನು ಪೂರ್ತಿಯಾಗಿ ಓದಿ ಪ್ರಶ್ನೆಗಳನ್ನು ಕೇಳಿರಿ. ಕಾರ್ಡು ಮನೆಗೆ ಬಂದರೂ ಬಾರದಿದ್ದರೂ, ಲೆಕ್ಕವಿಟ್ಟು ತೂಗಿ ನೋಡುವ ಅಭ್ಯಾಸವು ಮಕ್ಕಳಿಗೆ ಉಳಿಯುವುದು.