ಮಗು ಗಿಡ್ಡ ಇದೆಯೇ? ಮೊದಲು ಎತ್ತರ ಅಳೆಯೋಣ



"ನಮ್ ಹುಡುಗಿ ಓರಗೆಯವರಿಗಿಂತ ಗಿಡ್ಡ ಅದಾಳೆ, ಹಾರ್ಮೋನ್ ಟೆಸ್ಟ್ ಮಾಡಿಸೋಣವೇ?" ಎಂಬ ಮಾತು ಸಂಘದ ಸಭೆಯಲ್ಲಿ ಬಂದರೆ, ಸಾಲ ಎತ್ತುವ ಮೊದಲು ಕೆಲವು ವಿಷಯ ತಿಳಿದುಕೊಳ್ಳೋಣ.

ಬೆಳವಣಿಗೆ ಹಾರ್ಮೋನು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಅದು ದಿನವಿಡೀ ಒಂದೇ ಸಮ ಇರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ರಾತ್ರಿ ಮಗು ಗಾಢ ನಿದ್ರೆಯಲ್ಲಿದ್ದಾಗ ಹೆಚ್ಚು. ಹಾಗಾಗಿ ಹಗಲು ಒಂದು ಸಲ ರಕ್ತ ತೆಗೆದರೆ ಆರೋಗ್ಯವಂತ ಮಗುವಿಗೂ ಸೊನ್ನೆಯ ಹತ್ತಿರ ಬರಬಹುದು. ಅಷ್ಟಕ್ಕೇ ಹೆದರಬೇಕಿಲ್ಲ.

ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ 'ಸಾಮಾನ್ಯ ಮಟ್ಟ' ಎಲ್ಲಿಂದ ಬಂತು? ಆರೋಗ್ಯವಂತ ಮಕ್ಕಳ ರಕ್ತ ಪರೀಕ್ಷಿಸಿ, ವಯಸ್ಸುವಾರು, ಗಂಡು ಹೆಣ್ಣು ಬೇರೆ ಮಾಡಿ, ಸಾಮಾನ್ಯವಾಗಿ 100ರಲ್ಲಿ ನಡುವಿನ 95 ಮಕ್ಕಳ ಅಂಕಿಯನ್ನು ಮಟ್ಟವೆಂದು ಇಟ್ಟುಕೊಳ್ಳುತ್ತಾರೆ. ಅಂದರೆ ಆರೋಗ್ಯವಂತ 5 ಮಕ್ಕಳೂ ಅದರ ಹೊರಗೆ ಉಳಿಯುತ್ತಾರೆ! ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಎರಡು ಲ್ಯಾಬಿನ ರಿಪೋರ್ಟ್ ಹೋಲಿಸಿ ನೋಡುವುದು ಬೇಡ.

ಅದಕ್ಕೇ ವೈದ್ಯರು ದಿನವಿಡೀ ಹೆಚ್ಚು ಏರಿಳಿಯದ ಐಜಿಎಫ್-1 ಪರೀಕ್ಷೆ ನೋಡುತ್ತಾರೆ. ಊಟ ಸಾಲದ ಮಗುವಿನಲ್ಲಿ ಅದೂ ಕಡಿಮೆ ಇರುತ್ತದೆ. ಅಗತ್ಯವಿದ್ದರೆ ಔಷಧಿ ಕೊಟ್ಟು, ಹಲವು ಸಲ ರಕ್ತ ತೆಗೆದು, ಹಾರ್ಮೋನು ಎಷ್ಟು ಏರಿತು ಅಂತ ನೋಡುತ್ತಾರೆ. ಮೊದಲು ಮಿಲಿಲೀಟರಿಗೆ 10 ನ್ಯಾನೋಗ್ರಾಂ ದಾಟಬೇಕು ಎನ್ನುತ್ತಿದ್ದರು. ಹೊಸ ವಿಧಾನಗಳು ಬಂದ ಮೇಲೆ ಹಲವರು 7 ಸಾಕು ಎನ್ನುತ್ತಾರೆ.

ನಮ್ಮ ಕೈಲಾಗುವ ಮೊದಲ ಪರೀಕ್ಷೆ ಎತ್ತರದ ಅಳತೆ. 5 ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಪಟ್ಟಿ ಇದೆ. ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ಅದನ್ನು ಮಾಡಿದ್ದಾರೆ. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಪಟ್ಟಿ ಇದೆ.

ಹೀಗೆ ಮಾಡೋಣ:
* ಆರು ತಿಂಗಳಿಗೊಮ್ಮೆ ಎತ್ತರ ಅಳೆದು, ತಾರೀಖು ಸಮೇತ ಪುಸ್ತಕದಲ್ಲಿ ಬರೆದಿಡಿ.
* 4 ವರ್ಷ ದಾಟಿದ, ಇನ್ನೂ ದೊಡ್ಡವರಾಗದ ಮಕ್ಕಳು ವರ್ಷಕ್ಕೆ 4-5 ಸೆಂ.ಮೀ.ಗಿಂತ ಕಡಿಮೆ ಬೆಳೆದರೆ ವೈದ್ಯರಿಗೆ ತೋರಿಸಿ.
* ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಪುಸ್ತಕ ತೋರಿಸಿ. ಅವರ ತಪಾಸಣೆ ಉಚಿತ.

ಗಿಡ್ಡ ಇರುವುದಕ್ಕೆ ಅಪ್ಪ ಅಮ್ಮನ ಎತ್ತರ, ಊಟದ ಕೊರತೆ, ಥೈರಾಯ್ಡ್ ಹೀಗೆ ಹಲವು ಕಾರಣಗಳಿವೆ. ಹಾರ್ಮೋನಿನ ಕೊರತೆ ನಿಜವಾಗಿದ್ದರೆ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಚಳ್ಳಕೆರೆ, ಮೊಳಕಾಲ್ಮೂರಿನ ಪ್ರತಿ ಸಂಘವೂ ಈ ತಿಂಗಳ ಸಭೆಯಲ್ಲೇ ಅಳತೆ ಆರಂಭಿಸಲಿ ಎಂದು ಕೋರುತ್ತೇವೆ.