ಹೂವಿನ ಬಣ್ಣ ಹೇಳುವ ವಂಶದ ಕಥೆ

ಹೂಮಳೆ ಬಿದ್ದು ತೋಟ ಅರಳಿದಾಗ ನಮ್ಮ ಕಾಫಿ ಗಿಡಗಳೆಲ್ಲ ಒಂದೇ ಬಿಳುಪು. ಹೂ ನೋಡಿ ಗಿಡದ ವಂಶ ಹೇಳುವಂತಿಲ್ಲ. ಕೊಪ್ಪಳ ಜಿಲ್ಲೆಯ ಕುಕನೂರು ಕಡೆಯ ಎರೆಹೊಲದ ಹತ್ತಿಯಲ್ಲಿ ಹಾಗಲ್ಲ. ಜಯಧರದಂಥ ನಾಡಹತ್ತಿಯ ಹೂ ಹಳದಿ, ಎಸಳಿನ ಬುಡದಲ್ಲಿ ಕಡುಗೆಂಪು ಮಚ್ಚೆ. ಅಮೆರಿಕನ್ ಹತ್ತಿಯದು ಕೆನೆಬಣ್ಣ, ಸಾಮಾನ್ಯವಾಗಿ ಮಚ್ಚೆಯಿಲ್ಲ; ಮರುದಿನ ಅದೇ ಹೂ ಗುಲಾಬಿಯಾಗುತ್ತದೆ.

ಈ ಕೆಂಪು, ಗುಲಾಬಿಗಳಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನಮ್ಮಲ್ಲಿ ಹಣ್ಣು ಪಲ್ಪರ್, ತೊಳೆತ, ಒಣಗಿಸುವಿಕೆ ದಾಟಿ ಪಾರ್ಚ್‌ಮೆಂಟ್ ಆಗುವಂತೆ, ಇದೂ ಹಲವು ಹಂತಗಳಲ್ಲಿ ತಯಾರಾಗುತ್ತದೆ. ಪ್ರತಿ ಹಂತಕ್ಕೂ ಒಂದು ಕಿಣ್ವ, ಪ್ರತಿ ಕಿಣ್ವಕ್ಕೂ ಒಂದು ವಂಶವಾಹಿ. ಇವುಗಳ ಮೇಲೆ ಮೇಸ್ತ್ರಿಯಂಥ ವಂಶವಾಹಿಗಳಿವೆ. ಯಾವ ಭಾಗದಲ್ಲಿ, ಯಾವಾಗ ಕೆಲಸ ನಡೆಯಬೇಕೆಂಬುದು ಅವುಗಳ ಅಪ್ಪಣೆ. 1866ರಲ್ಲಿ ಮೆಂಡೆಲ್ ವಿವರಿಸಿದ ಬಟಾಣಿಯ ಬಿಳಿ ಹೂವಿನಲ್ಲಿ ಕೆಟ್ಟಿದ್ದುದು ಇಂಥ ಮೇಸ್ತ್ರಿಯೇ ಎಂದು 2010ರಲ್ಲಿ ತಿಳಿಯಿತು.

ಇದರ ಉಪಯೋಗವೇನು? ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿಗೆ ತಾಯಿ ಕೆನೆಹೂವಿನ ಲಕ್ಷ್ಮಿ. ತಂದೆ ಹಳದಿ ಹೂವಿನ, ಮಚ್ಚೆಯುಳ್ಳ ಬಾರ್ಬಡೆನ್ಸ್ ಜಾತಿ. ಮೊಗ್ಗಿನ ಕೇಸರ ಕಿತ್ತು ಕೈಯಿಂದಲೇ ಪರಾಗ ಹಚ್ಚಿ ಬೀಜ ಮಾಡಬೇಕು. ಇಂಥ ಸಂಕರದ ಹೊಲದಲ್ಲಿ ಮಚ್ಚೆಯಿಲ್ಲದ ಕೆನೆಹೂ ಕಂಡರೆ, ಅಲ್ಲಿ ಸಂಕರ ತಪ್ಪಿ ತಾಯಿ ತಳಿಯೇ ಉಳಿದಿದೆ ಎಂದು ಅನುಮಾನಿಸಬಹುದು. ಒಂದೇ ಹಂಗಾಮಿನಲ್ಲಿ ಮೋಸ ಬಯಲು.

ನಮಗೆ ಆ ಸೌಲಭ್ಯವಿಲ್ಲ. ತಪ್ಪು ಸಸಿ ನೆಟ್ಟದ್ದು ಗೊತ್ತಾಗುವುದು ವರ್ಷಗಳು ಕಳೆದ ಮೇಲೆ. ಆದ್ದರಿಂದ ಕಾಫಿ ಪಾತಿಯಲ್ಲೇ ಚಿಗುರಿನ ಬಣ್ಣ ಗಮನಿಸೋಣ. ಕಂಚುಬಣ್ಣವೋ ಹಸಿರೋ ಎಂಬುದೂ ವಂಶಗುಣವೇ. ಕೆಲವು ತಳಿಗಳಲ್ಲಿ ಎರಡೂ ಸಹಜ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಳಿವಿವರಕ್ಕೆ ಹೋಲಿಸಿ ನೋಡುವುದು ಕ್ಷೇಮ. ಹಣ್ಣು ಬಂದಾಗ ಕೆಂಪು-ಹಳದಿ ಇನ್ನೊಂದು ಸಾಕ್ಷಿ.

ಒಂದು ಎಚ್ಚರಿಕೆ: ಬಣ್ಣ ಹೇಳುವುದು ಬಣ್ಣದ ವಂಶವಾಹಿಯ ಮಾತನ್ನಷ್ಟೇ. ತುಕ್ಕುರೋಗ ತಡೆಯುವ ಶಕ್ತಿಗೂ ಇಳುವರಿಗೂ ಅದು ಜಾಮೀನಲ್ಲ. ಅಡಿಕೆಯಲ್ಲಂತೂ ಇಂಥ ಸುಲಭ ಗುರುತಿಲ್ಲ. ತಾಯಿಮರವನ್ನು ಹಲವು ವರ್ಷ ನೋಡಿ, ಅದರ ಇಳುವರಿ ಬರೆದಿಟ್ಟು ಬೀಜದಡಿಕೆ ಆರಿಸುವುದೇ ದಾರಿ. ಸದಸ್ಯ ಬಂಧುಗಳು ಸಸಿ ತರುವಾಗ ಬೀಜದ ಮೂಲ ಕೇಳಿ ಬರೆದಿಟ್ಟುಕೊಳ್ಳಲಿ.