ಜನಸ್ವಭಾವವೂ ರಾಜನೀತಿಯೂ

ಒಂದೊಂದು ಊರಿನವರಿಗೆ ಒಂದೊಂದು ಗುಣವನ್ನು ಕಟ್ಟಿ ಹೇಳುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಿನೋದ. ಹೆಣ್ಣು ತರುವಾಗ, ಮನೆಯನ್ನು ಬಾಡಿಗೆಗೆ ಕೊಡುವಾಗ, ಎತ್ತು ಕೊಳ್ಳುವಾಗ ಈ ವಿನೋದವೇ ವಿವೇಕದ ವೇಷ ಹಾಕಿಕೊಂಡು ಬರುವುದೂ ಉಂಟು. ಜಗಲಿಯ ಮಾತು ಜಗಲಿಯಲ್ಲಿಯೇ ಉಳಿದರೆ ಹಾನಿ ಅಲ್ಪ. ಅದೇ ಮಾತು ಕಚೇರಿಯ ಕಡತಗಳನ್ನು ಸೇರಿ, ಇಂಥ ಸೀಮೆಯ ಜನರು ಇಂಥವರೇ ಎಂಬ ಸಿದ್ಧಾಂತವಾಗಿ, ಆ ಸಿದ್ಧಾಂತದ ಬಲದಿಂದ ಆಜ್ಞೆಗಳು ಹೊರಡತೊಡಗಿದರೆ ಏನಾದೀತು? ಇದನ್ನು ವಾಚಕರೊಡನೆ ಕುಳಿತು ವಿಚಾರಮಾಡಬೇಕೆಂಬುದೇ ನಮ್ಮ ಉದ್ದೇಶ. ಇದಕ್ಕೆ ಬಹುದೂರ ಹೋಗಬೇಕಾದುದಿಲ್ಲ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ನೆಲವೇ ಸಾಕು.

ಮೊದಲು ಶಬ್ದವಿಚಾರ. ಪಾಠಶಾಲೆಯ ಅಭ್ಯಾಸ ಇಷ್ಟು ಬೇಗ ಬಿಡುವಂಥದಲ್ಲ, ವಾಚಕರು ಮನ್ನಿಸಬೇಕು. ಸಂಸ್ಕೃತದಲ್ಲಿ ‘ಪ್ರಕೃತಿ’ ಎಂದರೆ ಹುಟ್ಟುಗುಣವೆಂದು ಎಲ್ಲರೂ ಬಲ್ಲರು. ರಾಜನೀತಿಯ ಗ್ರಂಥಗಳಲ್ಲಾದರೋ ಅದೇ ಶಬ್ದಕ್ಕೆ ರಾಜ್ಯದ ಅಂಗಗಳೆಂದೂ ಪ್ರಜೆಗಳೆಂದೂ ಅರ್ಥವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರಜೆಗಳು ವಿರಕ್ತರಾಗುವುದಕ್ಕೆ ಆ ಕಠಿನಹೃದಯನಾದ ಮಂತ್ರಿಯು ಅವರ ಹುಟ್ಟುಗುಣವನ್ನು ಕಾರಣವಾಗಿ ಹೇಳುವುದಿಲ್ಲ. ಅರಸನು ಮಾಡಿದ ಮತ್ತು ಮಾಡದೆ ಬಿಟ್ಟ ಕಾರ್ಯಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಇನ್ನು ‘ಶೀಲ’ವೆಂಬ ಶಬ್ದದಲ್ಲಿ ಅಭ್ಯಾಸಮಾಡುವುದೆಂಬ ಅರ್ಥ ಅಡಗಿದೆ. ಸ್ವಭಾವವು ಬಂದದ್ದು, ಶೀಲವು ಬೆಳೆಸಿದ್ದು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಜನಾಂಗದ ಶೀಲವನ್ನು ಕುರಿತು ಮಾತನಾಡಿದಾಗಲೆಲ್ಲ ಈ ಎರಡನೆಯ ಅರ್ಥವನ್ನೇ ಹಿಡಿದರು. ಅವರು ದಿವಾನರಾಗಿದ್ದಾಗ, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಮೈಸೂರು ಸಂಸ್ಥಾನಕ್ಕೆ ಬಂದುವು.

ಪಾಶ್ಚಾತ್ಯರಲ್ಲಿ ಜನಾಂಗದ ಮನಸ್ಸನ್ನು ಯುದ್ಧತಂತ್ರಕ್ಕಾಗಿಯೇ ಅಳೆಯಲು ಹೊರಟವರುಂಟು. 1944ರಲ್ಲಿ ಅಮೆರಿಕದ ಸರ್ಕಾರವು ಜಪಾನೀಯರ ನಡತೆಯನ್ನು ವಿವರಿಸುವ ಕೆಲಸವನ್ನು ರೂತ್ ಬೆನೆಡಿಕ್ಟ್ ಎಂಬ ವಿದುಷಿಗೆ ವಹಿಸಿತು. ಆಕೆ ಜಪಾನನ್ನು ಕಂಡವಳೇ ಅಲ್ಲ; ಅಮೆರಿಕದಲ್ಲಿ ನೆಲಸಿದ್ದ ಜಪಾನೀಯರನ್ನು ಕೇಳಿ, ಪುಸ್ತಕಗಳನ್ನೂ ಚಲಚ್ಚಿತ್ರಗಳನ್ನೂ ನೋಡಿ ಬರೆದಳು. 1946ರಲ್ಲಿ ಹೊರಬಂದ ಆಕೆಯ ಗ್ರಂಥವನ್ನು ಇಂದಿಗೂ ಜನ ಓದುತ್ತಾರೆ, ಇಂದಿಗೂ ಅದರೊಡನೆ ಜಗಳವಾಡುತ್ತಾರೆ. ಇಂಥ ವರ್ಣನೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು? 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯಲ್ಲಿ 49 ಸಂಸ್ಕೃತಿಗಳ ಜನರನ್ನು ‘ನಿಮ್ಮ ದೇಶದವರ ಸ್ವಭಾವವೇನು?’ ಎಂದು ಕೇಳಿದರು. ಅವರು ಕೊಟ್ಟ ಉತ್ತರವನ್ನು ಆಯಾ ದೇಶದ ವ್ಯಕ್ತಿಗಳ ಗುಣಗಳನ್ನು ಒಬ್ಬೊಬ್ಬರಲ್ಲಿ ಅಳೆದು ತೆಗೆದ ಸರಾಸರಿಯೊಡನೆ ಹೋಲಿಸಿದಾಗ ಒಂದಕ್ಕೊಂದು ಹೊಂದಲಿಲ್ಲ. ಪರರ ವಿಷಯ ಹಾಗಿರಲಿ, ತಮ್ಮವರ ವಿಷಯದಲ್ಲಿಯೇ ಜನರ ಅಂದಾಜು ಹೀಗೆ ತಪ್ಪುವುದಾದರೆ ಅಧಿಕಾರಿಗಳ ಅಂದಾಜಿನ ಗತಿಯೇನು!

ಈಗ ವಿದುರಾಶ್ವತ್ಥಕ್ಕೆ ಬರೋಣ. ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ನಾಗರಕಲ್ಲುಗಳ ಸಾಲುಗಳ ನಡುವೆ ಇರುವ ಈ ಕ್ಷೇತ್ರಕ್ಕೆ ಸಂತಾನವನ್ನು ಬೇಡಿ ಹೋಗುವ ದಂಪತಿಗಳನ್ನು ನಮ್ಮ ವಾಚಕರೆಲ್ಲರೂ ಬಲ್ಲರು. 1938ರಲ್ಲಿ ಈ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದುವು. ದಿವಾನರು ಸರ್ ಮಿರ್ಜಾ ಇಸ್ಮಾಯಿಲರು. ‘ಮಾದರಿ ಸಂಸ್ಥಾನ’ವೆಂಬ ಕೀರ್ತಿ ದೇಶದಲ್ಲೆಲ್ಲ ಹರಡಿತ್ತು; ಆ ಕೀರ್ತಿಯು ಸುಳ್ಳೂ ಆಗಿರಲಿಲ್ಲ. ಆದರೆ ಕೀರ್ತಿಯ ಜೊತೆಯಲ್ಲಿ ಒಂದು ಊಹೆಯೂ ಬೆಳೆದಿದ್ದಿತೆಂದು ನಮಗೆ ತೋರುತ್ತದೆ: ಮೈಸೂರಿನ ಪ್ರಜೆ ಸ್ವಭಾವತಃ ಸಾಧು, ಸಂತುಷ್ಟ, ರಾಜಭಕ್ತ, ಚಳವಳಿಯೆಂಬುದು ಹೊರಗಿನಿಂದ ತಂದು ಅಂಟಿಸಿದ ಜಾಡ್ಯ, ನಿಷೇಧವೆಂಬ ಔಷಧದಿಂದ ಅದು ಇಳಿಯುವುದು.

ಆ ವರ್ಷದ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸು ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಆಜ್ಞೆ; ಏರಿಸಿಯೇ ತೀರುವೆವೆಂದು ಜನ. ಅಧ್ಯಕ್ಷರ ಬಂಧನವಾಯಿತು. ಧ್ವಜಸತ್ಯಾಗ್ರಹವು ಊರಿಂದೂರಿಗೆ ಹಬ್ಬಿ, 25ನೆಯ ಏಪ್ರಿಲಿನಂದು ಸುತ್ತಣ ಹಳ್ಳಿಗಳ ಸಾವಿರಾರು ಮಂದಿ ವಿದುರಾಶ್ವತ್ಥದಲ್ಲಿ ನೆರೆದರು. ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೆ ಮೇಲ್ಪಟ್ಟವರೆಂದು ಜನರ ಲೆಕ್ಕ, ಸರ್ಕಾರದ ಲೆಕ್ಕ ಅದಕ್ಕಿಂತ ಎಷ್ಟೋ ಕಡಮೆ. ಕರ್ಣಾಟಕದ ಜಲಿಯನ್‌ವಾಲಾಬಾಗೆಂಬ ಹೆಸರು ಆ ಸ್ಥಳಕ್ಕೆ ಅಂದಿನಿಂದ ನಿಂತಿತು.

ಒಂದು ತುಂಡು ಬಟ್ಟೆಗಾಗಿ ಇಷ್ಟೇಕೆ ಎಂದು ಕೇಳುವವರು ಆಗಲೂ ಇದ್ದರು. ಬಟ್ಟೆಯನ್ನು ಬಟ್ಟೆಯೆಂದೇ ಸರ್ಕಾರವೂ ತಿಳಿದಿದ್ದರೆ ನಿಷೇಧಿಸಬೇಕಾದ ಕಾರಣವೇ ಇರಲಿಲ್ಲವಷ್ಟೆ! ನಿಷೇಧವಾದ ಕ್ಷಣವೇ ಅದು ಮಾನದ ಗುರುತಾಯಿತು. ಸಾಧುವಾದ ಒಕ್ಕಲಿಗನೂ ಮಾನಕ್ಕಾಗಿ ನಿಲ್ಲುವನೆಂಬುದು ಹಳ್ಳಿಯಲ್ಲಿ ಎರಡು ವರ್ಷ ಪಾಠ ಹೇಳಿದ ಯಾವ ಉಪಾಧ್ಯಾಯನಿಗಾದರೂ ತಿಳಿದ ವಿಷಯ. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ 1924ರಿಂದಲೇ ಎಂ. ವಿ. ಗೋಪಾಲಸ್ವಾಮಿಗಳು ಮನಶ್ಶಾಸ್ತ್ರದ ವಿಭಾಗವನ್ನು ನಡೆಸುತ್ತಿದ್ದುದನ್ನು ನೆನೆದಾಗ, ಶಾಸ್ತ್ರವು ಅಠಾರಾ ಕಚೇರಿಯಿಂದ ಎಷ್ಟು ದೂರವಿದ್ದಿತೆಂದು ವಿಷಾದವಾಗುತ್ತದೆ.

ಗುಂಪೆಂದರೆ ಬುದ್ಧಿ ಕಳೆದುಕೊಂಡ ಮೃಗವೆಂಬ ವಾದವನ್ನು 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಬಾನ್ ಎಂಬಾತನು ಬರೆದು ಪ್ರಸಿದ್ಧಿಗೆ ತಂದನು. ಅಧಿಕಾರಿಗಳಿಗೆ ಅದು ಬಹಳ ಹಿಡಿಸಿತು. ಈಚಿನ ಮನಶ್ಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆದ ಗಲಭೆಯನ್ನು ಪರೀಕ್ಷಿಸಿದ ಸ್ಟೀಫನ್ ರೈಷರ್ ಎಂಬವರು, ಗುಂಪಿಗೂ ತನ್ನದೇ ಆದ ಮೇರೆಗಳಿರುವುದನ್ನೂ ‘ನಾವು ಇಂಥವರು’ ಎಂಬ ಅರಿವಿರುವುದನ್ನೂ ತೋರಿಸಿದರು. ಎದುರಿಗೆ ನಿಂತ ಪೊಲೀಸರು ಎಲ್ಲರನ್ನೂ ಒಂದೇ ಕೋಲಿನಿಂದ ಅಟ್ಟಿದರೆ, ನೋಡಲು ಬಂದವನೂ ಗುಂಪಿನವನಾಗಿಬಿಡುತ್ತಾನೆಂಬುದು ಇಂಥ ಅಭ್ಯಾಸಗಳಿಂದ ಮುಂದೆ ತಿಳಿದುಬಂದ ಸಂಗತಿ.

1938ರ ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನರೊಡನೆ ಮಾತನಾಡಿದರು. ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವೂ ಹಾರಬಹುದೆಂದಾಯಿತು. ಅದೇ ಜನ, ಅದೇ ದಿವಾನರು, ಅದೇ ಬಟ್ಟೆ. ಏಪ್ರಿಲಿನಲ್ಲಿ ರಾಜದ್ರೋಹವಾಗಿದ್ದುದು ಮೇ ತಿಂಗಳಲ್ಲಿ ಮರ್ಯಾದೆಯಾಯಿತು. ಮೂರು ವಾರಗಳಲ್ಲಿ ಯಾವ ಜನಾಂಗದ ಸ್ವಭಾವವೂ ಬದಲಾಗಲಾರದು. ಬದಲಾದದ್ದು ನೀತಿ.

ರಕ್ತದ ಕಥೆಯನ್ನು ಬಿಟ್ಟು ರೇಷ್ಮೆಯ ಕಥೆಗೆ ಬಂದರೂ ಇದೇ ಕಾಣುತ್ತದೆ. ಗೂಡು ಕೊಳ್ಳುವವನು ಮೋಸಗಾರ, ಮಾರುವವನು ಹೆಡ್ಡ ಎಂಬ ಮಾತು ಹಿಪ್ಪುನೇರಳೆ ಬೆಳೆಯುವ ಸೀಮೆಯಲ್ಲಿ ಹಳೆಯದು. ಆದರೆ ಗೂಡಿನ ಧರ್ಮವನ್ನು ನೋಡಿರಿ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯು ಅದನ್ನು ತೂತುಮಾಡಿಕೊಂಡು ಹೊರಬೀಳುತ್ತದೆ. ಬಳಿಕ ನೂಲು ಬಿಚ್ಚುವಂತಿಲ್ಲ. ಮನೆಯ ಬಾಗಿಲಲ್ಲಿ ಒಬ್ಬನೇ ಕೊಳ್ಳುವವನು ನಿಂತಿದ್ದರೆ, ಕಾಲವೇ ಅವನ ತಕ್ಕಡಿಯಲ್ಲಿ ಕುಳಿತಂತಾಯಿತು. ಗೂಡಿನ ವ್ಯಾಪಾರವು ಸರ್ಕಾರದ ಮಾರುಕಟ್ಟೆಯಲ್ಲಿಯೇ ನಡೆಯಬೇಕೆಂಬ ಕ್ರಮವು 1959ರ ಕಾಯಿದೆಯಿಂದ ನೆಲೆಗೊಂಡಿತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಈಗ ಅನೇಕರು ಕೂಡಿ ಹರಾಜು ಕೂಗುತ್ತಾರೆ. ಕೂಗುವುದು ಕೂಡ ಹೋಗಿ ಯಂತ್ರದ ಮೂಲಕ ಬೆಲೆ ಒತ್ತುವ ಪದ್ಧತಿ ಬಂದಿದೆ. ಕೊಳ್ಳುವವರು ಇದರಿಂದ ಋಷಿಗಳಾದರೆಂದು ನಾವು ಹೇಳುವುದಿಲ್ಲ. ಮೋಸಕ್ಕೆ ಇದ್ದ ಎಡೆ ಕಿರಿದಾಯಿತು, ಅಷ್ಟೆ.

ಇಂದು ಈ ನಾಲ್ಕು ತಾಲ್ಲೂಕುಗಳ ಮೇಲೆ ಹೊರಿಸಿರುವ ಅಪವಾದವು ನೀರಿನದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿದ ಕೆರೆಗಳಲ್ಲಿ ಹೂಳು ತುಂಬಿದೆ. ಚಿಂತಾಮಣಿಯ ಕಡೆ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ದಾಟಿವೆ. ರೈತನ ದುರಾಸೆಯೇ ಇದಕ್ಕೆ ಕಾರಣವೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ನಾವು ಉಳಿಸಿದ ನೀರನ್ನು ಪಕ್ಕದ ಹೊಲದ ಕೊಳವೆಯು ಎಳೆದುಕೊಳ್ಳುವುದೆಂದು ತಿಳಿದ ಮೇಲೆ ಉಳಿಸುವವರು ಯಾರು? ಅದರ ಮೇಲೆ ಕರ್ಣಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ವಿದ್ಯುತ್ತು ಉಚಿತ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಹೆಬ್ಬಾಳ ಮತ್ತು ನಾಗವಾರದ ಕಣಿವೆಗಳಿಂದ ನಮ್ಮ ಕೆರೆಗಳಿಗೆ ಹರಿಸುವ ಯೋಜನೆಯು ಈಚೆಗೆ ಬಂದಿದೆ. ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲಿ ನೀರು ನಿಂತುದನ್ನು ಕಂಡು ಹಿಗ್ಗಿದವರೂ, ಆ ನೀರಿನ ಗುಣವನ್ನು ಶಂಕಿಸಿ ಇನ್ನೊಂದು ಸಲ ಶುದ್ಧಿಮಾಡಿಕೊಡಿರೆಂದು ಕೇಳುವವರೂ ಒಂದೇ ಊರಿನಲ್ಲಿದ್ದಾರೆ. ಈ ಎರಡನೆಯವರನ್ನು ಹಟಮಾರಿಗಳೆಂದು ಕರೆಯುವ ಮಾತು ಆಗಲೇ ಕೇಳಿಬರುತ್ತಿದೆ. ಅವರು ಬೇಡುತ್ತಿರುವುದು ಮಾತ್ರ ಮೂರನೆಯ ಹಂತದ ಶುದ್ಧೀಕರಣ.